11 ನಿಮಿಷದ ಸಿನಿಮಾದಲ್ಲಿ ಅಪ್ಪನ 41 ಸೆಕೆಂಡು

"ಅಕ್ಕ, ಇಯರ್‌ಫೋನ್ ಹಾಕ್ಕೊಂಡು ನೋಡು. ಮೆಟ್ರೋದಲ್ಲಿ ಮಾತ್ರ ನೋಡ್ಬೇಡ, ಪ್ಲೀಸ್."

ಚಿಕ್ಕಪ್ಪನ ಮಗಳು ಕಳಿಸಿದ ಲಿಂಕ್ ಜೊತೆ ಇದ್ದಿದ್ದು ಇಷ್ಟೇ ಮಾತು. ನಾನೇನು ಮಾಡಿದೆ ಹೇಳಿ? ಮೆಟ್ರೋದಲ್ಲೇ ನೋಡಿದೆ. ಇಳಿಯಬೇಕಾದ ಸ್ಟೇಷನ್ ದಾಟಿ ಎರಡು ಸ್ಟೇಷನ್ ಮುಂದೆ ಹೋಗಿಬಿಟ್ಟಿದ್ದೆ. ಅಲ್ಲೇ ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕೂತು ಇನ್ನೊಂದು ಸಲ ನೋಡಿದೆ.

11 ನಿಮಿಷದ ಕಿರುಚಿತ್ರ. ಇನ್ನೂ ಹೆಸರಿಟ್ಟಿಲ್ಲ. ವಾರದ ದಿನ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡೋ ನನ್ನ ತಂಗಿಗೆ ಶನಿವಾರ, ಭಾನುವಾರ ಸಿನಿಮಾ ಹುಚ್ಚು. ಹೋದ ವರ್ಷ ಹಾಸನದ ನಮ್ಮ ಮನೇಲಿ ಅಜ್ಜಿಯ ತಿಥಿ ನಡೆದಾಗ ಅವಳು ಬೆಳಗ್ಗೆಯಿಂದ ಮೂಲೆಯಲ್ಲಿ ಮೊಬೈಲ್ ಹಿಡ್ಕೊಂಡು ನಿಂತಿದ್ದಳಂತೆ. ಏನೋ ರೀಲ್ಸ್ ಇರಬೇಕು ಅಂತ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲವಂತೆ. ಈ 'ಅಂತೆ' ಯಾಕೆ ಅಂದ್ರೆ, ನಾನು ಅವತ್ತು ಅಲ್ಲಿರಲಿಲ್ಲ. ಅದಕ್ಕೆ ಆಮೇಲೆ ಬರ್ತೀನಿ.

ಸಿನಿಮಾದಲ್ಲಿ ಒಂದೇ ಒಂದು ಮುಖ ಇಲ್ಲ. ಬರೀ ಕೈಗಳು. ತೆಂಗಿನಕಾಯಿ ತುರಿಯೋ ಕೈ. ಉದ್ದಿನ ವಡೆ ತಟ್ಟೋ ಕೈ. ಬಾಳೆಎಲೆ ಒರೆಸೋ ಕೈ. ದರ್ಭೆಯ ಪವಿತ್ರ ಹಾಕಿಕೊಂಡ ಬೆರಳು. ಜನಿವಾರವನ್ನ ಎಡ ಭುಜದಿಂದ ಬಲಕ್ಕೆ ಸರಿಸೋ ಕೈ. ಎಳ್ಳು ನೀರು ಬಿಡೋ ಕೈ. ದೇವರಿಗಾದ್ರೆ ನೀರು ಬೆರಳ ತುದಿಯಿಂದ ಬೀಳುತ್ತೆ. ಪಿತೃಗಳಿಗೆ ಹೆಬ್ಬೆರಳು, ತೋರುಬೆರಳಿನ ನಡುವಿನಿಂದ. ಇಷ್ಟು ವರ್ಷ ನೋಡಿದ್ದರೂ ನಾನದನ್ನ ಗಮನಿಸಿರಲಿಲ್ಲ.

ಆದರೆ ನಾನು ಸ್ಟೇಷನ್ ಮರೆತಿದ್ದು ಕೈಗಳಿಂದಲ್ಲ, ದನಿಗಳಿಂದ. ಚಿತ್ರದಲ್ಲಿ ಕೇಳೋದು ತಿಥಿಯ ದಿನದ ಸದ್ದಲ್ಲ. ಮಂತ್ರ ಇಲ್ಲ, ಒಗ್ಗರಣೆಯ ಚಟಪಟ ಇಲ್ಲ. ಎರಡು ವರ್ಷಗಳಲ್ಲಿ ನಮ್ಮ ಫ್ಯಾಮಿಲಿ ವಾಟ್ಸಾಪ್ ಗ್ರೂಪಿಗೆ ಬಂದ ವಾಯ್ಸ್ ಮೆಸೇಜುಗಳನ್ನ ಅವಳು ಒಂದರ ಹಿಂದೆ ಒಂದು ಜೋಡಿಸಿದ್ದಾಳೆ. ಅಪ್ಪ, ಚಿಕ್ಕಪ್ಪ, ಅತ್ತೆ, ಚಿಕ್ಕಮ್ಮ. ಮತ್ತೆ ನಾನು.

ಜಗಳ ಶುರುವಾಗಿದ್ದು ಹೀಗೆ

ಅಜ್ಜಿ ಹೋಗಿ ನಾಲ್ಕು ವರ್ಷ ಆಗ್ತಾ ಬಂತು. ಕೊನೆಯ ಎರಡು ತಿಂಗಳು ಅವರು ಬೆಂಗಳೂರಲ್ಲಿ ಚಿಕ್ಕಪ್ಪನ ಮನೇಲಿದ್ದರು, ಆಸ್ಪತ್ರೆ ಹತ್ತಿರ ಅಂತ. ಅದೇ ಹೊತ್ತಿಗೆ ನನ್ನ ಅಮ್ಮನಿಗೆ ಮಂಡಿ ಆಪರೇಷನ್ ಆಗಿ ಅಪ್ಪ ಹಾಸನ ಬಿಟ್ಟು ಹೊರಡೋ ಹಾಗಿರಲಿಲ್ಲ. ಎರಡು ತಿಂಗಳಲ್ಲಿ ಎರಡೇ ಸಲ ಬಂದು ನೋಡಿಕೊಂಡು ಹೋದರು. ಮೂರನೇ ಸಲ ಹೊರಟಾಗ ಬಸ್ಸು ಕುಣಿಗಲ್ ದಾಟುವಷ್ಟರಲ್ಲಿ ಫೋನ್ ಬಂತು.

ವರ್ಷಾಂತಿಕ ಎಲ್ಲ ಸರಿಯಾಗೇ ಆಯ್ತು. ಅಣ್ಣತಮ್ಮ ಇಬ್ಬರೂ ಕೂತು ಮಾಡಿದರು. ಎರಡನೇ ವರ್ಷ ಚಿಕ್ಕಪ್ಪ ನಾನು ಕೂರಲ್ಲ ಅಂದುಬಿಟ್ಟರು. ಅವರಿಗೆ ಮೊದಲಿಂದಲೂ ಇದರಲ್ಲೆಲ್ಲ ನಂಬಿಕೆ ಇರಲಿಲ್ಲ. ಜೊತೆಗೆ ಅಜ್ಜಿಯೇ ಕೊನೇ ದಿನಗಳಲ್ಲಿ, "ನನ್ನ ಹೆಸರಲ್ಲಿ ಭಟ್ಟರನ್ನ ಕರೆಸಬೇಡ್ರೋ, ಅದೇ ದುಡ್ಡಲ್ಲಿ ಸ್ಕೂಲ್ ಮಕ್ಕಳಿಗೆ ಒಂದಿನ ಊಟ ಹಾಕ್ಸಿ" ಅಂದಿದ್ದರಂತೆ.

"ಅಮ್ಮ ಹಾಗಂದಿದ್ದು ನಾನು ಕೇಳಿಲ್ಲ" ಅಂದರು ಅಪ್ಪ.

"ನೀನು ಇಲ್ಲಿದ್ದಿದ್ರೆ ತಾನೇ ಅಣ್ಣ, ಕೇಳೋದು."

ಅಷ್ಟೇ. ಆಮೇಲೆ ಇಬ್ಬರೂ ಒಬ್ಬರಿಗೊಬ್ಬರು ನೇರ ಫೋನ್ ಮಾಡಲಿಲ್ಲ. ಹೇಳೋದಿದ್ದನ್ನೆಲ್ಲ ಗ್ರೂಪಿನಲ್ಲಿ ಹೇಳಿದರು, ಎಲ್ಲರೂ ಕೇಳಲಿ ಅಂತ. ಅಪ್ಪ ಶಾಸ್ತ್ರ ಹೇಳಿದರು, ಚಿಕ್ಕಪ್ಪ ವಿಚಾರ ಹೇಳಿದರು. ಅಪ್ಪನ ಮೆಸೇಜುಗಳಲ್ಲಿ ಎಳ್ಳು ಎಷ್ಟು, ದರ್ಭೆ ಎಲ್ಲಿಂದ, ಭಟ್ಟರು ಎಷ್ಟು ಗಂಟೆಗೆ ಅನ್ನೋ ಲೆಕ್ಕ. ಚಿಕ್ಕಪ್ಪನ ಮೆಸೇಜುಗಳಲ್ಲಿ ಸತ್ತ ಮೇಲೆ ಹಸಿವು ಹೇಗಿರುತ್ತೆ ಅನ್ನೋ ಪ್ರಶ್ನೆ. ಮಧ್ಯೆ ಅತ್ತೆ, "ನೀವಿಬ್ಬರೂ ಅಮ್ಮನ ಮಕ್ಕಳು ಹೌದೋ ಅಲ್ವೋ" ಅಂತ ಅಳೋದು.

ಎರಡು ವರ್ಷ ಇದನ್ನೆಲ್ಲ ನಾವು ದೇವರು, ಧರ್ಮ, ನಂಬಿಕೆಯ ಜಗಳ ಅಂದುಕೊಂಡಿದ್ವಿ. ನಮ್ಮ ಕಸಿನ್ಸ್ ಗ್ರೂಪಿನಲ್ಲಿ ಟೀಮುಗಳೇ ಆಗಿದ್ದವು.

ಕಣ್ಣಿಗೊಂದು, ಕಿವಿಗೊಂದು

ಈಗ ಸಿನಿಮಾದ ವಿಷಯ. 'ಎಕ್ಸ್‌ಪೆರಿಮೆಂಟಲ್' ಅಂದ ತಕ್ಷಣ ನಮ್ಮಲ್ಲಿ ಅರ್ಧ ಜನ ಸ್ಕ್ರಾಲ್ ಮಾಡಿ ಮುಂದೆ ಹೋಗ್ತೀವಿ. ನಾನೂ ಅದೇ ಗುಂಪು. ಅರ್ಥವಾಗದ ಹಾಗೆ ಮಾಡಿ ಅದಕ್ಕೊಂದು ದೊಡ್ಡ ಹೆಸರಿಡ್ತಾರೆ ಅಂತ ನನ್ನ ವಾದ. "ನಿನ್ನ ಸಿನಿಮಾದಲ್ಲಿ ಪ್ರಯೋಗ ಏನಮ್ಮಾ?" ಅಂತ ತಂಗಿಯನ್ನ ಕೇಳಿದೆ.

"ಕಣ್ಣಿಗೆ ಒಂದು ಕೊಟ್ಟಿದ್ದೀನಿ, ಕಿವಿಗೆ ಇನ್ನೊಂದು. ಎರಡನ್ನೂ ಸೇರಿಸೋ ಕೆಲಸ ನಿಂದು" ಅಂದಳು.

ಈ ಐಡಿಯಾ ಅವಳಿಗೆ ಬಂದಿದ್ದು ಬೆಲ್ಜಿಯಂನ ನಿರ್ದೇಶಕಿ ಶಾಂತಲ್ ಅಕರ್‌ಮನ್ 1970ರ ದಶಕದಲ್ಲಿ ಮಾಡಿದ 'ನ್ಯೂಸ್ ಫ್ರಮ್ ಹೋಮ್' ನೋಡಿ. ಅಕರ್‌ಮನ್ 21 ವರ್ಷದ ಹುಡುಗಿಯಾಗಿ ಬ್ರಸೆಲ್ಸ್‌ನ ಮನೆ ಬಿಟ್ಟು ನ್ಯೂಯಾರ್ಕಿಗೆ ಹೋಗಿದ್ದರು. ಅಮ್ಮ ಅವರಿಗೆ ಕಾಗದದ ಮೇಲೆ ಕಾಗದ ಬರೀತಿದ್ದರು. ಆ ಅಮ್ಮ ನಾಜಿಗಳ ಆಶ್‌ವಿಟ್ಜ್ ಶಿಬಿರದಿಂದ ಬದುಕಿ ಬಂದ ಯಹೂದಿ ಹೆಂಗಸು. ಸಿನಿಮಾದಲ್ಲಿ ನಮಗೆ ಕಾಣೋದು ಬರೀ ನ್ಯೂಯಾರ್ಕಿನ ಬೀದಿಗಳು, ಸಬ್‌ವೇ ರೈಲು, ಗುರುತಿಲ್ಲದ ಜನ. ಕೇಳೋದು ಅಮ್ಮನ ಕಾಗದಗಳು, ಅದೂ ಮಗಳ ದನಿಯಲ್ಲೇ. ಮನೆಯ ಸಣ್ಣಪುಟ್ಟ ಸುದ್ದಿ, ಆರೋಗ್ಯ, ಬೇಗ ಉತ್ತರ ಬರಿ ಅನ್ನೋ ಒತ್ತಾಯ. ಎಷ್ಟೋ ಕಡೆ ರೈಲಿನ, ಕಾರುಗಳ ಸದ್ದು ಅಮ್ಮನ ಮಾತನ್ನ ನುಂಗಿಬಿಡುತ್ತೆ. ಯಾರೂ ಜಗಳ ಆಡಲ್ಲ, ಯಾರೂ ಅಳಲ್ಲ. ಆದರೂ ಮಗಳು ಎಷ್ಟು ದೂರ ಹೋಗಿದ್ದಾಳೆ ಅಂತ ಗೊತ್ತಾಗಿಬಿಡುತ್ತೆ.

ಇಂಥ ಸಿನಿಮಾಕ್ಕೆ ದುಡ್ಡೇ ಬೇಕು ಅಂತಿಲ್ಲ. 1943ರಲ್ಲಿ ಮಾಯಾ ಡೆರೆನ್ ತನ್ನ ಗಂಡ ಅಲೆಕ್ಸಾಂಡರ್ ಹ್ಯಾಮಿಡ್ ಜೊತೆ ಸೇರಿ ಲಾಸ್ ಏಂಜಲೀಸ್‌ನ ತಮ್ಮ ಮನೆಯಲ್ಲೇ 14 ನಿಮಿಷದ 'ಮೆಷಸ್ ಆಫ್ ದಿ ಆಫ್ಟರ್‌ನೂನ್' ಮಾಡಿದರು. ಬೀಗದ ಕೈ, ಬ್ರೆಡ್ ಕೊಯ್ಯೋ ಚಾಕು, ಕೆಳಗಿಟ್ಟ ಫೋನ್ ರಿಸೀವರ್. ಇಷ್ಟು ಸಾಮಾನಿನಲ್ಲೇ ಒಂದು ಮನೆಯೊಳಗಿನ ಭಯ ಕಣ್ಣಿಗೆ ಕಟ್ಟುತ್ತೆ. ಸಂಭಾಷಣೆಯೇ ಇಲ್ಲ.

ತಂಗಿಯ ಸಿನಿಮಾದಲ್ಲೂ ಹಾಗೇ ಆಯ್ತು. ಗ್ರೂಪಿನಲ್ಲಿ ಬಂದಾಗ ಚಿಕ್ಕಪ್ಪನ ಆ ವಾದದ ಮೆಸೇಜು ನನಗೆ ಭಾಷಣದ ಹಾಗೆ ಕೇಳಿಸಿತ್ತು. ಸಿನಿಮಾದಲ್ಲಿ ಅದು ಬರೋವಾಗ ಕಾಣೋದು ಚಿಕ್ಕಪ್ಪನ ಕೈ. ತಿಥಿಗೆ ಕೂರಲ್ಲ ಅಂದವರು ಹಿತ್ತಲಲ್ಲಿ ಕೂತು ಬಾಳೆಕಾಯಿ ಹೆಚ್ಚುತ್ತಿದ್ದಾರೆ. ಒಂದೇ ಅಳತೆಯ ಹೋಳುಗಳು. ಅಜ್ಜಿ ಹೆಚ್ಚುತ್ತಿದ್ದ ಹಾಗೇ. ಬಾಯಿ ಇಲ್ಲ ಅನ್ನುತ್ತಿದೆ, ಕೈ ತನ್ನ ಪಾಡಿಗೆ ಅಮ್ಮನ ತಿಥಿ ಮಾಡುತ್ತಿದೆ.

ಅತಿ ಹೆಚ್ಚು ಹೊತ್ತು ಕಾಣೋ ಕೈ ಮಾತ್ರ ಚಿಕ್ಕಮ್ಮಂದು. ಬೆಳಗಿನ ಜಾವ ಒದ್ದೆ ಸೀರೆಯಲ್ಲಿ ಒಲೆ ಹಚ್ಚೋದರಿಂದ ಹಿಡಿದು ಎಲೆ ಎತ್ತೋವರೆಗೆ. ಎರಡು ತಿಂಗಳು ಅಜ್ಜಿಯ ಮೈ ಒರೆಸಿ, ಗಂಜಿ ಕುಡಿಸಿ, ಹೊರಳಿಸಿ ಮಲಗಿಸಿದ್ದು ಇದೇ ಕೈ. ಇಡೀ ಸಿನಿಮಾದಲ್ಲಿ ಅವರ ದನಿ ಒಂದೇ ಸಲ ಬರುತ್ತೆ. ಹೋದ ವರ್ಷ ಗ್ರೂಪಿನಲ್ಲಿ ಜಗಳ ಜೋರಾಗಿದ್ದಾಗ ಕಳಿಸಿದ ಮೆಸೇಜು:

"ಭಾವ, ತಿಥಿ ಮಾಡ್ತೀರೋ ಬಿಡ್ತೀರೋ ನೀವು ಅಣ್ಣತಮ್ಮಂದಿರು ಮಾತಾಡ್ಕೊಳಿ. ಎಷ್ಟು ಜನಕ್ಕೆ ಅಡುಗೆ ಅಂತ ಗುರುವಾರದೊಳಗೆ ಹೇಳಿ, ಸಾಕು."

ಅವತ್ತು ನಾವೆಲ್ಲ ಅದಕ್ಕೆ ನಗೋ ಇಮೋಜಿ ಹಾಕಿದ್ವಿ. ನಂಬಿಕೆ ಬೇಕೋ ಬೇಡವೋ ಅಂತ ಎರಡು ವರ್ಷ ವಾದ ಮಾಡಿದವರು ಒಬ್ಬರೂ ಚಿಕ್ಕಮ್ಮನನ್ನ, "ನಿಮಗೆ ನಂಬಿಕೆ ಇದೆಯಾ?" ಅಂತ ಕೇಳಿರಲಿಲ್ಲ.

ಆಮೇಲೆ ನನ್ನ ದನಿ. "ಹಾಯ್ ಎಲ್ರಿಗೂ, ಆ ವಾರ ನಮ್ದು ರಿಲೀಸ್ ಇದೆ, ಬರೋಕಾಗಲ್ಲ. ನೀವು ಏನ್ ಡಿಸೈಡ್ ಮಾಡಿದ್ರೂ ನನಗೆ ಓಕೆ." ಆಗ ತೆರೆಯ ಮೇಲಿರೋದು ಯಾರೂ ಕೂರದ ಒಂದು ಮಣೆ. ನಾನು ಇಷ್ಟು ದಿನ ಅದನ್ನ ನನ್ನ ದೊಡ್ಡತನ ಅಂದುಕೊಂಡಿದ್ದೆ. ಯಾರ ಪರವೂ ಇಲ್ಲ, ಯಾರ ಮನಸ್ಸೂ ನೋಯಿಸಲಿಲ್ಲ ಅಂತ. ಕೇಳಿಸಿಕೊಂಡಾಗ ಗೊತ್ತಾಯ್ತು, ಅದು ಮೀಟಿಂಗಿಂದ ತಪ್ಪಿಸಿಕೊಳ್ಳೋವಾಗ ನಾನು ಬಳಸೋ ದನಿ.

ಕೇಳಿ ಮಾಡಿದ್ಯಾ?

ಬೆಂಚಿನಿಂದಲೇ ತಂಗಿಗೆ ಫೋನ್ ಮಾಡಿದೆ. ಮೊದಲು ಹೊಗಳಿದೆ. ಆಮೇಲೆ ಕೇಳಿದೆ, "ಇವರನ್ನೆಲ್ಲ ಕೇಳಿ ಮಾಡಿದ್ಯಾ?"

ಇಲ್ಲ. ಕೇಳಿದರೆ ಯಾರೂ ಒಪ್ಪಲ್ಲ, ಒಪ್ಪಿದರೂ ನಾಟಕ ಆಗುತ್ತೆ ಅನ್ನೋದು ಅವಳ ಮಾತು. ಒಂದು ಕಿರುಚಿತ್ರೋತ್ಸವಕ್ಕೆ ಕಳಿಸೋ ಯೋಚನೆಯೂ ಇತ್ತು. ನಾವಿಬ್ಬರೂ ಅರ್ಧ ಗಂಟೆ ಜಗಳ ಆಡಿದ್ವಿ. ಗ್ರೂಪಿನಲ್ಲಿ 14 ಜನಕ್ಕೆ ಅಂತ ಆಡಿದ ಮಾತು ಹಾಲ್‌ನಲ್ಲಿ ಕೂತ 200 ಜನಕ್ಕಲ್ಲ ಅಂತ ನಾನು. ಹಾಗೆ ಮುಚ್ಚಿಟ್ಟು ಮುಚ್ಚಿಟ್ಟೇ ಈ ಮನೆ ಹೀಗಾಗಿರೋದು ಅಂತ ಅವಳು.

ಅವಳು ಹೇಳಿದ್ದರಲ್ಲೂ ನಿಜ ಇದೆ. ಗಿರೀಶ್ ಕಾಸರವಳ್ಳಿ ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನಲ್ಲಿ ಡಿಪ್ಲೊಮಾಗೆ ಅಂತ 'ಅವಶೇಷ್' ಕಿರುಚಿತ್ರ ಮಾಡಿ, ಅಲ್ಲಿಂದ ಬಂದು 1977ರಲ್ಲಿ ತಮ್ಮ ಮೊದಲ ಪೂರ್ಣ ಸಿನಿಮಾ 'ಘಟಶ್ರಾದ್ಧ' ಮಾಡಿದರು. ಯು.ಆರ್. ಅನಂತಮೂರ್ತಿಯವರ ಕಥೆ, ಸ್ವರ್ಣಕಮಲ ಬಂದ ಸಿನಿಮಾ. ವೇದಪಾಠಶಾಲೆ ನಡೆಸೋ ಅಪ್ಪ, ಗಂಡ ಸತ್ತ ಮಗಳು ಬಸುರಿಯಾದಳು ಅಂತ, ಬದುಕಿರೋ ಅವಳ ಶ್ರಾದ್ಧವನ್ನೇ ಮಾಡಿ ಮುಗಿಸ್ತಾನೆ. ಮಡಕೆ ಒಡೆದರೆ ಮಗಳು ಸತ್ತ ಲೆಕ್ಕ. ಇದನ್ನೆಲ್ಲ ನೋಡೋದು ನಾಣಿ ಅನ್ನೋ ಪುಟ್ಟ ಹುಡುಗ. ಇಂಥ ಕಥೆಯನ್ನ ಎಲ್ಲರ ಒಪ್ಪಿಗೆ ಕೇಳಿಕೊಂಡು ಹೇಳೋಕಾಗುತ್ತಾ? ಆಗಲ್ಲ. 2024ರಲ್ಲಿ ಅದರ ಹೊಸದಾಗಿ ಸರಿಪಡಿಸಿದ ಪ್ರತಿ ವೆನಿಸ್ ಚಿತ್ರೋತ್ಸವದಲ್ಲಿ ತೆರೆ ಕಂಡಿತು. 47 ವರ್ಷ ಆದರೂ ಆ ಅಪ್ಪನನ್ನ ಜನ ಮರೆತಿಲ್ಲ.

ಇನ್ನೊಂದು ಕಡೆ ರಾಮ್ ರೆಡ್ಡಿಯವರ 'ತಿಥಿ' ಇದೆ. ನಿಮ್ಮಲ್ಲಿ ತುಂಬ ಜನ ನೋಡಿರ್ತೀರಿ. ಮಂಡ್ಯ ಜಿಲ್ಲೆಯ ನೊದೆಕೊಪ್ಪಲಿನಲ್ಲಿ ಹಳ್ಳಿಯವರನ್ನೇ ಹಾಕಿಕೊಂಡು ಮಾಡಿದ್ದು. 101 ವರ್ಷದ ಸೆಂಚುರಿ ಗೌಡ ಸಾಯ್ತಾನೆ, 11ನೇ ದಿನಕ್ಕೆ ತಿಥಿ. ಮೊಮ್ಮಗ ತಮ್ಮಣ್ಣನಿಗೆ ಜಮೀನು ಮಾರೋ ಚಿಂತೆ, ಮಗ ಗಡ್ಡಪ್ಪನಿಗೆ ಯಾವ ಚಿಂತೆಯೂ ಇಲ್ಲ, ಮರಿಮಗ ಅಭಿಗೆ ಒಂದು ಹುಡುಗಿಯ ಧ್ಯಾನ. ತಿಥಿ ಅನ್ನೋದು ಒಂದು ದಿನಾಂಕ ಅಷ್ಟೇ. ಅದರ ಸುತ್ತ ಒಬ್ಬೊಬ್ಬರಿಗೂ ಬೇರೆ ಬೇರೆ ವ್ಯವಹಾರ ನಡೀತಿರುತ್ತೆ.

'ಘಟಶ್ರಾದ್ಧ'ದಲ್ಲಿ ಆಚರಣೆ ಒಬ್ಬಳನ್ನ ಮನೆಯಿಂದ ಕತ್ತರಿಸಿ ಹಾಕುತ್ತೆ. 'ತಿಥಿ'ಯಲ್ಲಿ ಅದು ಎಲ್ಲರನ್ನೂ ಒಂದು ಕಡೆ ತಂದು ನಿಲ್ಲಿಸುತ್ತೆ. ನಮ್ಮ ಮನೇಲಿ ಎರಡೂ ಒಟ್ಟಿಗೆ ನಡೀತಿತ್ತು. ಆದರೆ ಒಂದು ವ್ಯತ್ಯಾಸ ಇದೆ. ಆ ಎರಡೂ ಕಟ್ಟಿದ ಕಥೆಗಳು. ತಂಗಿಯ ಸಿನಿಮಾದಲ್ಲಿರೋದು ನಾಳೆ ಬೆಳಗ್ಗೆ ಫೋನ್ ಎತ್ತಬೇಕಾದ ನಮ್ಮವರು.

"ಕೇಳು. ಬೇಡ ಅಂದವರ ದನಿ ತೆಗಿ" ಅಂದೆ. ಎರಡು ದಿನ ಮಾತು ಬಿಟ್ಟಳು. ಮೂರನೇ ದಿನದಿಂದ ಒಬ್ಬೊಬ್ಬರನ್ನೇ ಕೇಳೋಕೆ ಶುರು ಮಾಡಿದಳು.

ಚಿಕ್ಕಪ್ಪ ಸಿನಿಮಾ ನೋಡಿ, "ನನ್ನ ಕೈ ಇಷ್ಟು ಮುದುಕನ ಕೈ ಥರ ಆಗಿದೆಯಾ?" ಅಂದು ಸರಿ ಅಂದರು. ಅತ್ತೆ ಮತ್ತೆ ಅತ್ತು ಒಪ್ಪಿದರು. ಚಿಕ್ಕಮ್ಮ ಪೂರ್ತಿ ನೋಡಿ, "ವಡೆ ಕರಿಯೋದನ್ನ ಯಾಕೆ ತೆಗೆದಿಲ್ಲ, ಚೆನ್ನಾಗಿ ಬಂದಿತ್ತು" ಅಂದರಂತೆ.

ಅಪ್ಪ ಒಪ್ಪಲಿಲ್ಲ. ನೋಡೋದಕ್ಕೂ ಒಪ್ಪಲಿಲ್ಲ. "ನನ್ನ ಮಾತು ಹಾಕಬೇಡಮ್ಮ" ಅಂದರು, ಅಷ್ಟೇ.

ಅವರ ಮಾತು ಒಟ್ಟು 41 ಸೆಕೆಂಡು ಇತ್ತು. ಸಿನಿಮಾದ ನಡುಮಧ್ಯೆ, ಅಪ್ಪ ಒಬ್ಬರೇ ಕೂತು ಎಳ್ಳು ನೀರು ಬಿಡೋ ಜಾಗದಲ್ಲಿ. ತಂಗಿ ಅಲ್ಲಿಗೆ ಬೇರೆ ಸಂಗೀತ ಹಾಕಿ ನೋಡಿದಳು, ಮಳೆ ಸದ್ದು ಹಾಕಿ ನೋಡಿದಳು. ಯಾವುದೂ ಕೂರಲಿಲ್ಲ. ಕೊನೆಗೆ ಏನೂ ಹಾಕದೆ ಬಿಟ್ಟಳು. ಎಲ್ಲರೂ ಮಾತಾಡ್ತಾ ಮಾತಾಡ್ತಾ ಇದ್ದಕ್ಕಿದ್ದ ಹಾಗೆ ಸಿನಿಮಾ ನಿಶ್ಶಬ್ದ. ಇಯರ್‌ಫೋನ್ ಕಿತ್ತುಬಂತೇನೋ ಅಂತ ಮುಟ್ಟಿ ನೋಡಿಕೊಳ್ಳಬೇಕು ಹಾಗೆ. ಹೆಬ್ಬೆರಳ ಪಕ್ಕದಿಂದ ನೀರು ಬೀಳುತ್ತೆ. ಕೈ ಸ್ವಲ್ಪ ನಡುಗುತ್ತೆ. ಮತ್ತೆ ನೀರು.

ಅಪ್ಪನ ಮಾತಿದ್ದಾಗ ಆ ಕೈ ನಡುಗೋದು ನನಗೆ ಕಂಡಿರಲಿಲ್ಲ.

ಹೋದ ಭಾನುವಾರ ಹಾಸನಕ್ಕೆ ಹೋಗಿದ್ದೆ. ರಾತ್ರಿ ಊಟ ಆದ ಮೇಲೆ, "ಅಪ್ಪ, ನಿಮ್ಮ ಮಾತು ತೆಗೆದಿದ್ದಾಳೆ, ಒಂದು ಸಲ ನೋಡಿ" ಅಂತ ನನ್ನ ಫೋನ್ ಕೈಗೆ ಕೊಟ್ಟೆ. ಕನ್ನಡಕ ಹಾಕ್ಕೊಂಡು ನೋಡಿದರು. ತಮ್ಮನ ಬಾಳೆಕಾಯಿ ಹೋಳು ನೋಡಿ ಸ್ವಲ್ಪ ಮುಂದಕ್ಕೆ ಬಾಗಿದರು. ಆಮೇಲೆ ಆ 41 ಸೆಕೆಂಡು.

"ಇಲ್ಲಿ ಯಾಕೆ ಸದ್ದಿಲ್ಲ?"

"ಅದು ನಿಮ್ಮ ಜಾಗ ಅಪ್ಪ. ಬೇಡ ಅಂದ್ರಲ್ಲ."

ಏನೂ ಹೇಳಲಿಲ್ಲ. ಪೂರ್ತಿ ಮುಗಿದ ಮೇಲೆ, ಅದೊಂದು ಜಾಗಕ್ಕೆ ಹಿಂದಕ್ಕೆ ಹೇಗೆ ಹೋಗೋದು ಅಂತ ಕೇಳಿದರು. ತೋರಿಸಿಕೊಟ್ಟೆ. ನಾನು ಪಾತ್ರೆ ತೊಳೆಯೋಕೆ ಎದ್ದು ಹೋದೆ.

ಇಲ್ಲಿಗೆ ಎಲ್ಲ ಸರಿಹೋಯ್ತು ಅಂತ ಬರೆದರೆ ಸುಳ್ಳಾಗುತ್ತೆ. ಅಪ್ಪ ಈಗಲೂ ತಮ್ಮನಿಗೆ ಫೋನ್ ಮಾಡಿಲ್ಲ. ಚಿಕ್ಕಪ್ಪ ಈ ವರ್ಷವೂ ಭಟ್ಟರ ಮುಂದೆ ಕೂರಲ್ಲ, ಅದು ಅವರ ಹಕ್ಕು. ಅಪ್ಪ ತಿಥಿ ಬಿಡಲ್ಲ, ಅದೂ ಅವರ ಹಕ್ಕು. ಸಿನಿಮಾ ಯಾರ ನಂಬಿಕೆಯನ್ನೂ ಬದಲಾಯಿಸಲಿಲ್ಲ. ಅಮ್ಮ ಸಾಯೋವಾಗ ಹತ್ತಿರ ಇರಲಿಲ್ಲ ಅನ್ನೋ ಒಬ್ಬನ ಸಂಕಟ, ಇದ್ದೂ ಉಳಿಸಿಕೊಳ್ಳಲಿಲ್ಲ ಅನ್ನೋ ಇನ್ನೊಬ್ಬನ ಸಂಕಟ, ಇವೆರಡೂ ಧರ್ಮದ ಹೆಸರಲ್ಲಿ ಎರಡು ವರ್ಷ ಕಿತ್ತಾಡಿದವು ಅನ್ನೋದು ಮಾತ್ರ ನಮಗೆಲ್ಲ ಕಂಡಿತು.

ಮೊನ್ನೆ ಮಂಗಳವಾರ ಚಿಕ್ಕಮ್ಮ ಫೋನ್ ಮಾಡಿದ್ದರು. ಅಪ್ಪ ಅವರಿಗೆ ಕಾಲ್ ಮಾಡಿದ್ದರಂತೆ. ಎಷ್ಟು ಜನಕ್ಕೆ ಅಡುಗೆ ಅಂತ ಮೊದಲೇ ಹೇಳಿದರಂತೆ. ಆಮೇಲೆ ಫೋನ್ ಇಡೋ ಮುಂಚೆ, "ಅಮ್ಮ ಕೊನೆಗೆ ಏನು ಊಟ ಮಾಡಿದ್ಲು?" ಅಂತ ಕೇಳಿದರಂತೆ.

"ಗಂಜಿ ಭಾವ. ಅದಕ್ಕೆ ಹೇರಳೆಕಾಯಿ ಉಪ್ಪಿನಕಾಯಿ ರಸ ಎರಡು ಹನಿ. ಚಪ್ಪರಿಸಿಕೊಂಡು ತಿಂದರು."

ನಾಲ್ಕು ವರ್ಷದಲ್ಲಿ ಅಪ್ಪ ಆ ಪ್ರಶ್ನೆ ಕೇಳಿದ್ದು ಅದೇ ಮೊದಲು.

ತಿಥಿ ಮುಂದಿನ ತಿಂಗಳು. ಆ ವಾರವೂ ರಿಲೀಸ್ ಇದೆ. ನಾನು ಎರಡು ದಿನ ರಜೆ ಹಾಕಿದ್ದೀನಿ. ಮ್ಯಾನೇಜರ್ ಕಾರಣ ಕೇಳಿದರು, "ಮನೇಲಿ ಅಡುಗೆಗೆ ಒಂದು ಕೈ ಕಮ್ಮಿ ಇದೆ" ಅಂದೆ.

ನಿಮ್ಮ ಮನೆ ಗ್ರೂಪಿನಲ್ಲೂ ಇಂಥದ್ದೊಂದು ಜಗಳ ನಡೀತಾ ಇದ್ದರೆ, ಹಳೇ ವಾಯ್ಸ್ ಮೆಸೇಜುಗಳನ್ನ ಒಂದು ಸಲ ಸುಮ್ಮನೆ ಕೂತು ಕೇಳಿ ನೋಡಿ. ಮೊದಲು ನಿಮ್ಮದೇ ಕೇಳಿ. ಮುಂದಿನ ವಾರ ಸಿಗೋಣ.